ಎಂಬತ್ತೊಂದು ಕೋಣೆ, ಒಂದು ಪೆನ್ಸಿಲ್

ಆಟ ಆಡಲು ಬಂದ ಐದನೆಯವನ ದೀಪವೂ ಆರಿತು. ಗಾಜಿನ ಆಚೆ ಕೂತಿದ್ದ ಬ್ಯಾಂಕಿನ ಗುಮಾಸ್ತ ಕಪ್ಪಾದ ಪರದೆಯನ್ನು ಒಂದು ಕ್ಷಣ ದಿಟ್ಟಿಸಿ ನೋಡಿದ. "ಅಯ್ಯೋ, ಮತ್ತೆ ಮೊದಲಿಂದಾನಾ? ನನ್ನ ಕೈಲಾಗಲ್ಲಪ್ಪ," ಎಂದು ಎದ್ದೇಬಿಟ್ಟ. ಆ ಕೋಣೆಯ ಮಾತೆಲ್ಲ ಈಚೆ ಕೋಣೆಯ ಸ್ಪೀಕರಿನಲ್ಲಿ ಕೇಳುತ್ತಿತ್ತು. ಈಚೆ ಕೂತವರು ಮಾತ್ರ ಆಚೆಯವರಿಗೆ ಕಾಣುವಂತಿರಲಿಲ್ಲ. ಅವರ ಪಾಲಿಗೆ ಅದು ಬರೀ ಕನ್ನಡಿ. ಗುಮಾಸ್ತ ಹೋಗುವ ಮುಂಚೆ ಅದರ ಮುಂದೆ ನಿಂತು ತಲೆ ಬಾಚಿಕೊಂಡ.

"ಹನ್ನೆರಡು ನಿಮಿಷ," ಎಂದು ಮ್ಯಾನೇಜರ್ ಟ್ಯಾಬಿನಲ್ಲಿ ಗುರುತು ಹಾಕಿಕೊಂಡ. "ಬೆಳಗ್ಗೆ ಬಂದವರೊಬ್ಬರು ಹದಿನಾಲ್ಕು ನಿಮಿಷ ಕೂತಿದ್ರು, ಮ್ಯಾಡಂ. ಮಿಕ್ಕ ಮೂವರೂ ಹತ್ತು ದಾಟಿಲ್ಲ."

ಕನ್ನಡಿಯೆಂದುಕೊಂಡು ತಮ್ಮ ಮುಖಕ್ಕೇ ಮುಖ ಕೊಟ್ಟು ತಲೆ ಬಾಚಿಕೊಂಡು ಹೋದವನ ಮೇಲೆ ಸ್ಕೇಲಮ್ಮನಿಗೆ ಸಿಟ್ಟು ಬಂದಿತ್ತು. ಅವನದೇನೂ ತಪ್ಪಿಲ್ಲ ಎಂದು ಗೊತ್ತಿದ್ದೂ ಬಂದಿತ್ತು.

ಮೂವತ್ತನಾಲ್ಕು ವರ್ಷ ಅವರು ಸರ್ವೆ ಕಚೇರಿಯಲ್ಲಿ ನಕಾಶೆ ಬರೆದವರು. ತಮ್ಮ ಸ್ಕೇಲನ್ನು ಯಾರಿಗೂ, ದೊಡ್ಡ ಸಾಹೇಬರು ಕೇಳಿದರೂ, ಕೈಗೆ ಕೊಡುತ್ತಿರಲಿಲ್ಲವಾದ್ದರಿಂದ ಅಲ್ಲಿನವರು ಇಟ್ಟ ಹೆಸರು ಸ್ಕೇಲಮ್ಮ. ನಿವೃತ್ತಿಯಾಗಿ ಎಂಟು ವರ್ಷವಾದರೂ ತುರುಬಿನಲ್ಲಿ ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಅಭ್ಯಾಸ ಬಿಟ್ಟಿರಲಿಲ್ಲ. ಬೆಳಗ್ಗೆ ಈ ಕಚೇರಿಯ ಬಾಗಿಲಲ್ಲಿ ಕಾವಲಿನವನು ಬ್ಯಾಗು, ಫೋನು, ಪೆನ್ನು ಎಲ್ಲ ತೆಗೆದಿಟ್ಟುಕೊಂಡಿದ್ದ. ತುರುಬು ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಆಟದ ಹೆಸರು 'ಎಂಬತ್ತೊಂದು ಕೋಣೆ'. ಮೂವತ್ತಾರು ವರ್ಷದ ಹಿಂದೆ, ಸ್ಕೇಲಮ್ಮನ ಅಣ್ಣನ ರೇಡಿಯೋ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಯಾರೋ ಬೇಡವೆಂದು ಬಿಟ್ಟುಹೋದ ಕಂಪ್ಯೂಟರಿನಲ್ಲಿ ಅಣ್ಣ ತಂಗಿ ಸೇರಿ ಮಾಡಿದ್ದು. ಕೋಣೆಗಳೆಲ್ಲ ತಂಗಿಯವು, ಸದ್ದೆಲ್ಲ ಅಣ್ಣನದು. ಗಡಿಯಾರ ರಿಪೇರಿಯವನೊಬ್ಬ ದೊಡ್ಡ ಕಟ್ಟಡದೊಳಗೆ ಹೋಗುತ್ತಾನೆ. ಎಂಬತ್ತೊಂದು ಕೋಣೆಯಲ್ಲಿ ಎಲ್ಲೋ ಒಂದು ಕಡೆ ನಿಂತುಹೋದ ಗಡಿಯಾರವಿದೆ. ಅದನ್ನು ಹುಡುಕಿ ಕೀಲಿ ಕೊಡಬೇಕು. ಕೈಯಲ್ಲಿನ ದೀಪದ ಎಣ್ಣೆ ಮುನ್ನೂರು ಹೆಜ್ಜೆಗೆ ಮಾತ್ರ ಸಾಕು. ಎಣ್ಣೆ ಮುಗಿದರೆ ಕತ್ತಲೆ, ಮತ್ತೆ ಹೆಬ್ಬಾಗಿಲಿನಿಂದ ಶುರು. ಕಪ್ಪು ಪರದೆಯ ಮೇಲೆ ಹಸಿರು ಗೆರೆಯ ಕೋಣೆಗಳು, ನೋಡಲು ಎಲ್ಲವೂ ಒಂದೇ ಥರ.

ಒಂದು ಕಾಲದಲ್ಲಿ ಅದನ್ನು ಊರೂರಲ್ಲಿ ಆಡಿದ್ದರು. ಕಂಡು ಕೇಳರಿಯದವರಿಂದ ಅಂಗಡಿಯ ವಿಳಾಸಕ್ಕೆ ಕಾಗದ ಬರುತ್ತಿತ್ತು. ಆಮೇಲೆ ಯಂತ್ರಗಳು ಬದಲಾದವು, ಆಟ ಮೂಲೆ ಸೇರಿತು. ಅಣ್ಣ ತೀರಿಕೊಂಡು ಎರಡು ವರ್ಷ. ಅವನ ಮಗಳು ಗುಬ್ಬಿ ಈ ಕಂಪನಿಯಲ್ಲಿ ಆಟಗಳನ್ನು ಜನರಿಂದ ಆಡಿಸಿ ನೋಡುವ ಕೆಲಸದಲ್ಲಿದ್ದಳು. ಅಪ್ಪನ ಆಟವನ್ನು ಹೊಸ ಯಂತ್ರಕ್ಕೆ ತಂದು ಮತ್ತೆ ಹೊರಡಿಸೋಣವೆಂದು ವರ್ಷವಿಡೀ ಮೇಲಿನವರ ಬೆನ್ನು ಬಿದ್ದು ಒಪ್ಪಿಸಿದ್ದವಳು ಅವಳೇ.

ಮೇಲಿನವರು ಒಪ್ಪಿದ್ದರು, ಆದರೆ ಮೂರು ಬದಲಾವಣೆ ಆಗಬೇಕೆಂದಿದ್ದರು. ಮೂಲೆಯಲ್ಲಿ ದಾರಿ ತೋರಿಸುವ ಬಾಣ, ಕೋಣೆಗೊಂದು ಬಣ್ಣ, ಎಂದಿಗೂ ಆರದ ದೀಪ. ಒಪ್ಪಂದದ ನಾಲ್ಕು ಹಾಳೆ ಸ್ಕೇಲಮ್ಮನ ಮುಂದಿತ್ತು. ಕಂಪನಿಯಲ್ಲಿ ಕಾಗದವೆಂಬುದೇ ಇರಲಿಲ್ಲ. "ಗಾಜಿನ ಮೇಲೆ ಬೆರಳಲ್ಲಿ ಗೀಚಿದ್ದನ್ನ ನಾನು ಸಹಿ ಅನ್ನಲ್ಲ," ಎಂದು ಸ್ಕೇಲಮ್ಮ ಹಠ ಹಿಡಿದದ್ದಕ್ಕೆ ಹೊರಗಿನ ಅಂಗಡಿಗೆ ಹೋಗಿ ಮುದ್ರಿಸಿ ತಂದಿದ್ದರು. ಕೊನೆಯ ಹಾಳೆಯಲ್ಲಿ ಎರಡು ಗೆರೆ. ಒಂದರ ಮೇಲೆ ಅಪ್ಪನ ಪರವಾಗಿ ಗುಬ್ಬಿಯ ಸಹಿ ಆಗಲೇ ಬಿದ್ದಿತ್ತು. ಇನ್ನೊಂದು ಖಾಲಿ.

"ಐದು ಗಂಟೆಗೆ ಮೀಟಿಂಗ್ ಇದೆ, ಮ್ಯಾಡಂ," ಎಂದ ಮ್ಯಾನೇಜರ್. ದನಿಯಲ್ಲಿ ಸೊಕ್ಕಿರಲಿಲ್ಲ, ಅವನೂ ಬೆಳಗ್ಗಿನಿಂದ ನೆಟ್ಟಗೆ ಊಟ ಮಾಡಿರಲಿಲ್ಲ. "ನಿಮ್ಮ ಸಹಿ ಇಲ್ಲದೆ ನಾವು ಏನೂ ಬದಲಾಯಿಸೋ ಹಾಗಿಲ್ಲ. ಬದಲಾಯಿಸದೆ ಕಂಪನಿ ಹೊರಡಿಸಲ್ಲ. ನಿಮ್ಮ ಆಟದ ಮೇಲೆ ನಮಗೆಲ್ಲ ತುಂಬಾ ಗೌರವ ಇದೆ. ಆದ್ರೆ ಈಗಿನ ಜನಕ್ಕೆ—"

"ಗೌರವ ಬೇಡಪ್ಪ. ಗೌರವ ಅಂದ್ರೆ ಗಾಜಿನ ಪೆಟ್ಟಿಗೇಲಿಟ್ಟು ಬೀಗ ಹಾಕೋದು. ಆಡಲಿ, ಸೋಲಲಿ, ನನ್ನನ್ನ ಬಾಯಿಗೆ ಬಂದ ಹಾಗೆ ಬೈಯಲಿ. ಅದು ಸಾಕು."

"ಬೈಯೋಕೂ ಯಾರೂ ಕೂರ್ತಿಲ್ವಲ್ಲ ಅತ್ತೆ," ಎಂದಳು ಗುಬ್ಬಿ ಮೆಲ್ಲಗೆ.

ಅದು ಸ್ಕೇಲಮ್ಮನಿಗೆ ನಾಟಿತು. ಐದು ಜನರೂ ಮೂರ್ಖರಲ್ಲ ಎಂದು ಅವರು ಕಣ್ಣಾರೆ ಕಂಡಿದ್ದರು. ಒಳಗೆ ಹೋಗಿ, ತಿರುಗಿ, ಅದೇ ಕೋಣೆಗೆ ಬಂದು, ಬೆಪ್ಪಾಗಿ, ಕತ್ತಲಾಗಿ, ಎದ್ದುಹೋಗುತ್ತಿದ್ದರು. ಬೆಳಗ್ಗಿನಿಂದ ಯಾರೂ ಎರಡಕ್ಕಿಂತ ಹೆಚ್ಚು ದೀಪ ಆರಿಸಿಕೊಂಡಿರಲಿಲ್ಲ. ಆಟ ನಿಜವಾಗಿಯೂ ಮುದಿಯಾಗಿದೆಯೇನೋ, ನಾನೊಬ್ಬಳೇ ಅದರ ಕೈ ಹಿಡಿದುಕೊಂಡು ಕೂತಿದ್ದೇನೇನೋ ಎಂಬ ಭಯ ಅವರಿಗೆ ಶುರುವಾಗಿತ್ತು. ಆ ಭಯವನ್ನು ಈ ಇಬ್ಬರ ಮುಂದೆ ತೋರಿಸಲು ಮಾತ್ರ ಅವರು ಸಿದ್ಧರಿರಲಿಲ್ಲ.

ಆರನೆಯವಳು ಒಳಗೆ ಬಂದಳು. ಇವತ್ತಿನ ಕೊನೆಯವಳು. ನಲವತ್ತರ ಆಸುಪಾಸು, ಆಸ್ಪತ್ರೆಯ ನರ್ಸು, ರಜೆಯ ದಿನ. ಕೂತ ತಕ್ಷಣ ಚಪ್ಪಲಿ ಬಿಟ್ಟು ಕಾಲು ಮಡಚಿಕೊಂಡಳು. ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಆಡಬೇಕೆಂದು ಗುಬ್ಬಿ ಮೈಕಿನಲ್ಲಿ ಹೇಳಿದಾಗ, "ಅದೇನೂ ಹೇಳ್ಕೊಡಬೇಕಾಗಿಲ್ಲ. ನನ್ನ ಬಾಯಿ ಮುಚ್ಚಿಸೋದೇ ಕಷ್ಟ," ಎಂದಳು.

ಪರದೆಯ ಮೇಲೆ ಹೆಬ್ಬಾಗಿಲು ತೆರೆದುಕೊಂಡಿತು. ಕಿರ್ರ್ ಎಂದು ಹಲ್ಲು ಜುಂ ಎನ್ನಿಸುವ ಸದ್ದು.

"ಅಬ್ಬಾ! ಈ ಸದ್ದು ಮಾಡಿದ ಪುಣ್ಯಾತ್ಮ ಯಾರು? ಬಾಗಿಲಿಗೆ ಒಂದು ತೊಟ್ಟು ಎಣ್ಣೆ ಬಿಡೋಕಾಗ್ಲಿಲ್ವಾ?"

ಸ್ಕೇಲಮ್ಮನಿಗೆ ನಗು ಬಂತು. "ನಿಮ್ಮಪ್ಪ," ಎಂದರು ಗುಬ್ಬಿಯ ಕಡೆ ತಿರುಗಿ. "ಮೂರು ವಾರ ಅದರ ಮೇಲೇ ಕೂತಿದ್ದ. ನಿಮ್ಮಮ್ಮ ಅಂಗಡಿಗೇ ಊಟ ತಂದುಕೊಡ್ತಿದ್ಲು."

"ಅದನ್ನೂ ಸ್ವಲ್ಪ ಮೃದು ಮಾಡಬಹುದು," ಎಂದು ಮ್ಯಾನೇಜರ್ ಟ್ಯಾಬಿಗೆ ಬೆರಳು ಇಟ್ಟ.

"ಅದನ್ನ ಮುಟ್ಟಬೇಡಿ," ಎಂದಳು ಗುಬ್ಬಿ. ಹೇಳಿದ್ದು ತಾನೇನಾ ಎಂಬಂತೆ ಮೈಕಿನ ಕಡೆ ತಿರುಗಿದಳು.

ಆಚೆ ನರ್ಸು ಎಡಕ್ಕೆ ಹೋದಳು, ಮೇಲಕ್ಕೆ ಹೋದಳು, ಮತ್ತೆ ಎಡಕ್ಕೆ. "ಇದೂ ಅದೇ ಕೋಣೆ. ನಮ್ಮ ಆಸ್ಪತ್ರೆ ಹಾಗೇ ಆಯ್ತು. ಎಲ್ಲಾ ವಾರ್ಡೂ ಒಂದೇ ಥರ, ಹೊಸ ಡಾಕ್ಟ್ರು ದಿನಾ ಬಂದು ಹೆರಿಗೆ ವಾರ್ಡಲ್ಲಿ ನಿಂತ್ಕೊಳ್ತಾರೆ." ಐದನೇ ನಿಮಿಷಕ್ಕೆ ಅವಳ ಮೊದಲ ದೀಪ ಆರಿತು. ಅವಳು ಲೊಚಗುಟ್ಟಿ ಮತ್ತೆ ಶುರು ಮಾಡಿದಳು. "ರೀ, ಒಂದು ಪೆನ್ ಕೊಡ್ತೀರಾ?" ಎಂದು ಕನ್ನಡಿಯನ್ನು ಕೇಳಿದಳು.

ಮ್ಯಾನೇಜರ್ ತಲೆಯಲ್ಲಾಡಿಸಿದ. ಹೊರಬರದ ಆಟದ ಗುಟ್ಟನ್ನು ಯಾರೂ ಬರೆದುಕೊಂಡು ಹೋಗಬಾರದು. ಆಟದ ಕೋಣೆಗೆ ಪೆನ್ನು ಕಾಗದ ನಿಷಿದ್ಧ. ಗುಬ್ಬಿ ಮೈಕಿನಲ್ಲಿ "ಇಲ್ಲ ಮೇಡಂ, ಅದು ನಿಯಮ," ಎಂದಳು.

ಎರಡನೆಯ ದೀಪವೂ ಆರುವ ಹೊತ್ತಿಗೆ ಸ್ಕೇಲಮ್ಮ ಪರದೆ ನೋಡುವುದನ್ನು ಬಿಟ್ಟಿದ್ದರು. ಅವರು ನರ್ಸಿನ ಕೈ ನೋಡುತ್ತಿದ್ದರು. ಅವಳ ಬಲಗೈ ಬೆರಳು ಕೀಲಿ ಒತ್ತಿ ಬಂದು, ಎಡ ಅಂಗೈ ಮೇಲೆ ಉಗುರಿನಿಂದ ಏನೋ ಗೀರುತ್ತಿತ್ತು. ಎಡಕ್ಕೊಂದು ಗೀರು. ಮೇಲಕ್ಕೊಂದು. ವಾರ್ಡಿನಲ್ಲಿ ಜ್ವರದ ಅಂಕಿಯನ್ನು ಕಾಗದ ಸಿಗುವವರೆಗೆ ಅಂಗೈಯಲ್ಲೇ ಬರೆದುಕೊಳ್ಳುವವರ ಅಭ್ಯಾಸ ಅದು. ಉಗುರಿನ ಬಿಳಿ ಗೆರೆ ಮೂಡಿದ್ದೇ ತಡ, ಮಾಸಿಹೋಗುತ್ತಿತ್ತು.

ಸ್ಕೇಲಮ್ಮ ತಟ್ಟನೆ ಗುಬ್ಬಿಯ ಕಡೆ ತಿರುಗಿದರು.

"ಗುಬ್ಬಿ, ಪುಸ್ತಕ ಎಲ್ಲೇ?"

"ಯಾವ ಪುಸ್ತಕ ಅತ್ತೆ?"

"ಡಬ್ಬದಲ್ಲಿ ಇತ್ತಲ್ಲ. ನಾನು ನಿನಗೆ ಕೊಟ್ಟೆನಲ್ಲ, ಇದ್ದಿದ್ದು ಒಂದೇ ಡಬ್ಬ. ಅದರಲ್ಲಿ."

ಗುಬ್ಬಿ ತನ್ನ ಕಂಪ್ಯೂಟರಿನಲ್ಲಿ ಹಳೆಯ ಡಬ್ಬದ ಚಿತ್ರಗಳನ್ನು ತೆರೆದಳು. ಕಂಪನಿಯವರು ಒಂದೊಂದನ್ನೂ ಮುತುವರ್ಜಿಯಿಂದ ಸ್ಕ್ಯಾನ್ ಮಾಡಿ ಇಟ್ಟಿದ್ದರು. ಡಬ್ಬದ ಮುಚ್ಚಳ, ಹಿಂಬದಿ, ಡಿಸ್ಕು, ಅಂಗಡಿಯ ಗ್ಯಾರಂಟಿ ಚೀಟಿ, ಡಿಸ್ಕಿಗೆ ಸುತ್ತಿದ್ದ ರಬ್ಬರ್ ಬ್ಯಾಂಡು ಕೂಡ. ಪುಸ್ತಕವಿರಲಿಲ್ಲ.

"ಓ, ಆ ಚೌಕಳಿ ಪುಸ್ತಕಾನಾ?" ಎಂದ ಮ್ಯಾನೇಜರ್. "ಇತ್ತು ಮ್ಯಾಡಂ, ನೆನಪಿದೆ. ಪುಟ ಪುಟ ತಿರುವಿ ನೋಡಿದ್ವಿ, ಏನೂ ಬರೆದಿರ್ಲಿಲ್ಲ. ಯಾರದೋ ರಫ್ ಪುಸ್ತಕ ಸೇರ್ಕೊಂಡಿದೆ ಅಂತ ಬಿಟ್ವಿ. ಖಾಲಿ ಪುಸ್ತಕ ಸ್ಕ್ಯಾನ್ ಮಾಡೋದೇನು?"

"ಅದು ಖಾಲಿ ಇರಬೇಕಾದ್ದೇ!" ಸ್ಕೇಲಮ್ಮ ಎದ್ದು ನಿಂತಿದ್ದರು. "ಎಂಬತ್ತೊಂದು ಹಾಳೆ ಎಣಿಸಿ ಹೊಲಿದ ಪುಸ್ತಕ ಅದು. ನಾನೇ ಸೂಜಿ ಹಿಡಿದು ಹೊಲಿದದ್ದು. ಆಡೋರು ನಕಾಶೆ ಬರ್ಕೊಂಡು ಆಡಬೇಕು. ಪರದೆ ಮೇಲೆ ಇರೋದು ಅರ್ಧ ಆಟ. ಇನ್ನರ್ಧ ಆ ಪುಸ್ತಕದಲ್ಲಿ ಇತ್ತು."

"ಹಾಗಂತ ಒಂದು ಸಾಲು ಬರೆದಿಡಬಹುದಿತ್ತಲ್ಲ ಮ್ಯಾಡಂ," ಎಂದ ಮ್ಯಾನೇಜರ್.

ಅದು ನ್ಯಾಯವಾದ ಮಾತಾಗಿತ್ತು. ಪುಸ್ತಕ, ಪೆನ್ಸಿಲ್ ಎರಡೂ ಕೈಗೆ ಕೊಟ್ಟ ಮೇಲೆ ಮತ್ತೆ ಹೇಳುವುದೇನಿದೆ ಎಂದು ಸ್ಕೇಲಮ್ಮ ಆಗ ಅಂದುಕೊಂಡಿದ್ದರು. ಡಬ್ಬದಲ್ಲಿದ್ದ ಪೆನ್ಸಿಲನ್ನು ಯಾರು ಯಾವಾಗ ಎತ್ತಿಕೊಂಡರೋ. "ಬರೀಬೇಕಿತ್ತು," ಎಂದರು ಸ್ಕೇಲಮ್ಮ. "ಬರೀಲಿಲ್ಲ. ಆದ್ರೆ ನೀನು ಹೇಳೇ ಗುಬ್ಬಿ. ಚಿಕ್ಕವಳಿದ್ದಾಗ ನೂರು ಸಲ ಆಡಿದ್ದೀಯ. ನಿನಗೂ ಹೊಳೀಲಿಲ್ವಾ?"

ಗುಬ್ಬಿಯ ಮುಖ ಸಪ್ಪಗಾಗಿತ್ತು. "ನಾನು ಅಪ್ಪನ ನಕಾಶೆ ನೋಡ್ಕೊಂಡೇ ಆಡ್ತಿದ್ದೆ ಅತ್ತೆ. ಮೇಜಿನ ಗಾಜಿನ ಕೆಳಗೆ ಇಟ್ಟಿರ್ತಿದ್ರು. ನಾನೇ ಯಾವತ್ತೂ ಬರೆದೇ ಇಲ್ಲ. ಆಟ ಅಂದ್ರೆ ಬರೀ ಆ ಹಸಿರು ಗೆರೆ ಅಂತಲೇ ತಿಳ್ಕೊಂಡಿದ್ದೆ."

ಆಚೆ ನರ್ಸು ಚಪ್ಪಲಿಗಾಗಿ ಕಾಲಲ್ಲಿ ತಡಕಾಡತೊಡಗಿದ್ದಳು. "ಸಾಕಪ್ಪ," ಎಂದಿತು ಸ್ಪೀಕರು.

ಸ್ಕೇಲಮ್ಮ ಸುತ್ತಲೂ ನೋಡಿದರು. ಬಿಳಿ ಮೇಜು, ಬಿಳಿ ಗೋಡೆ, ಎಲ್ಲೆಲ್ಲೂ ಪರದೆ. ಇಡೀ ಕಚೇರಿಯಲ್ಲಿ ಬರೆಯಲಿಕ್ಕೆ ಬರುವಂಥದು ಒಂದೇ ಇತ್ತು. ಒಪ್ಪಂದದ ನಾಲ್ಕು ಹಾಳೆಯನ್ನು ಅವರು ಕೈಗೆತ್ತಿಕೊಂಡು ತಿರುವಿ ನೋಡಿದರು. ಹಿಂಬದಿ ಖಾಲಿ, ನಾಲ್ಕೂ ಹಾಳೆಯದು. ತುರುಬಿನಿಂದ ಪೆನ್ಸಿಲ್ ಎಳೆದರು. ಕೂದಲು ಜಾರಿ ಹೆಗಲ ಮೇಲೆ ಬಿತ್ತು.

"ಮ್ಯಾಡಂ, ಅದು ಒಪ್ಪಂದ!" ಮ್ಯಾನೇಜರ್ ಅಡ್ಡ ಬಂದ. "ಒಳಗೆ ಯಾರೂ ಹೋಗೋ ಹಾಗಿಲ್ಲ. ಟೆಸ್ಟ್ ಕೆಟ್ಟುಹೋಗುತ್ತೆ."

"ಬೆಳಗ್ಗೆನೇ ಕೆಟ್ಟಿದೆ. ಬಿಡಪ್ಪ ದಾರಿ."

ಆಟದ ಕೋಣೆಯ ಬಾಗಿಲು ನೌಕರರ ಕಾರ್ಡಿಗಲ್ಲದೆ ತೆರೆಯುತ್ತಿರಲಿಲ್ಲ. ಸ್ಕೇಲಮ್ಮ ಹಿಡಿ ತಿರುಗಿಸಿದರು, ಜಗ್ಗಿದರು, ಆಗಲಿಲ್ಲ. ಮ್ಯಾನೇಜರ್ ಕೈಕಟ್ಟಿ ನಿಂತಿದ್ದ. ಗುಬ್ಬಿ ಇಬ್ಬರನ್ನೂ ನೋಡಿದಳು. ವರ್ಷವಿಡೀ ಕಾಡಿ ಬೇಡಿ ಒಪ್ಪಿಸಿದ ಕೆಲಸ ಇನ್ನು ಮೂರು ಗಂಟೆಯಲ್ಲಿ ಕೈಗೂಡುವುದರಲ್ಲಿತ್ತು. ಅವಳು ಕತ್ತಿನ ಕಾರ್ಡನ್ನು ತೆಗೆದು ಬಾಗಿಲಿಗೆ ತಾಗಿಸಿದಳು.

ಬೆದರಿ ತಲೆಯೆತ್ತಿದ ನರ್ಸಿಗೆ, ಕೂದಲು ಬಿಚ್ಚಿಕೊಂಡ ಮುದುಕಿಯೊಬ್ಬಳು ಕೈಯಲ್ಲಿ ಹಾಳೆ ಹಿಡಿದು ಎದುರಿಗೆ ನಿಂತಿರುವುದು ಕಂಡಿತು.

"ಇದು ಡಬ್ಬದಲ್ಲಿ ಇರಬೇಕಾಗಿತ್ತಮ್ಮ. ಬಿಟ್ಟುಹೋಗಿದೆ," ಎಂದು ಸ್ಕೇಲಮ್ಮ ಹಾಳೆಗಳನ್ನು ಬೋರಲು ಹಾಕಿ ಪೆನ್ಸಿಲ್ ಅದರ ಮೇಲಿಟ್ಟರು.

"ಇಷ್ಟೊತ್ತಿಂದ ಬಾಯಿ ಬಡ್ಕೋತಿದ್ದೆ," ಎಂದಳು ನರ್ಸು, ಚಪ್ಪಲಿಯನ್ನು ಮತ್ತೆ ಬದಿಗೆ ತಳ್ಳಿ.

ಈಚೆ ಬಂದು ಸ್ಕೇಲಮ್ಮ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು. ನರ್ಸು ಬರೆದ ಕೋಣೆಗಳು ಚೌಕವಾಗಿರಲಿಲ್ಲ, ದುಂಡು ದುಂಡಾಗಿದ್ದವು. ಪ್ರತಿಯೊಂದಕ್ಕೂ ಹಾಸಿಗೆಗೆ ಹಾಕುವಂತೆ ನಂಬರು. ಹೋಗಿಬಂದ ಬಾಗಿಲಿಗೆ ಒಂದು ಅಡ್ಡಗೆರೆ. ಗೆರೆಗಳೆಲ್ಲ ಸೊಟ್ಟ. ಮೂವತ್ತನಾಲ್ಕು ವರ್ಷ ಸ್ಕೇಲಿಟ್ಟು ಗೆರೆ ಎಳೆದವರಿಗೆ ಕೈ ತುರಿಸುವಂಥ ಸೊಟ್ಟ. ಹಿಂದೆ ಅಂಗಡಿಗೆ ಬರುತ್ತಿದ್ದ ಕಾಗದಗಳೊಳಗೂ ಇಂಥವೇ ನಕಾಶೆ ಮಡಚಿಟ್ಟಿರುತ್ತಿದ್ದರು. ಕಟ್ಟಡ ಒಂದೇ ಆದರೂ ಒಬ್ಬರದು ಇನ್ನೊಬ್ಬರದರಂತೆ ಇರುತ್ತಿರಲಿಲ್ಲ. ಅಣ್ಣ ಅವನ್ನು ಅಂಗಡಿಯ ಗೋಡೆಗೆ ಅಂಟಿಸುತ್ತಿದ್ದ.

ಮೂರನೆಯ ದೀಪ ಆರಿತು. ಪರದೆ ಕಪ್ಪಾಯಿತು.

ನರ್ಸು ಪೆನ್ಸಿಲನ್ನು ಹಲ್ಲಲ್ಲಿ ಕಚ್ಚಿ ಪರದೆ ನೋಡಿದಳು, ಹಾಳೆ ನೋಡಿದಳು.

"ಆರಿದ್ರೆ ಆರಲಿ," ಎಂದಳು. "ಹದಿನೇಳು ಕೋಣೆ ನನ್ನ ಹತ್ರ ಬಂದಾಯ್ತಲ್ಲ. ಅದನ್ನ ಯಾರು ಕಿತ್ಕೊಳ್ತಾರೆ?"

ಹೆಬ್ಬಾಗಿಲು ಮತ್ತೆ ಕಿರ್ರ್ ಎಂದಿತು. ಈ ಸಲ ಅವಳು ಹದಿನೇಳು ಕೋಣೆಯನ್ನು ಎಲ್ಲೂ ನಿಲ್ಲದೆ ದಾಟಿ ಹದಿನೆಂಟನೆಯದಕ್ಕೆ ಕಾಲಿಟ್ಟಳು. ಗುಬ್ಬಿ ಅತ್ತೆಯ ತೋಳು ಹಿಡಿದುಕೊಂಡಿದ್ದಳು, ಚಿಕ್ಕವಳಿದ್ದಾಗ ರಸ್ತೆ ದಾಟುವಾಗ ಹಿಡಿಯುತ್ತಿದ್ದಂತೆ.

ನಲವತ್ತೈದು ನಿಮಿಷಕ್ಕೆ ಮ್ಯಾನೇಜರ್ ಮೈಕಿನಲ್ಲಿ, "ನಿಮ್ಮ ಸಮಯ ಮುಗೀತು, ಮ್ಯಾಡಂ, ಧನ್ಯವಾದ," ಎಂದ. ನರ್ಸು ತಲೆಯೆತ್ತದೆ ಎಡಗೈ ಮೇಲೆತ್ತಿ ತಡೆದಳು. ವಾರ್ಡಿಗೆ ಹೊತ್ತಲ್ಲದ ಹೊತ್ತಿನಲ್ಲಿ ನುಗ್ಗುವ ನೆಂಟರನ್ನು ಆ ಕೈ ದಿನಕ್ಕೆ ಹತ್ತು ಸಲ ತಡೆಯುತ್ತಿತ್ತೆಂದು ಕಾಣುತ್ತದೆ. ಮ್ಯಾನೇಜರ್ ಮೈಕು ಕೆಳಗಿಟ್ಟ. ಅರ್ಧ ಗಂಟೆ ಕಳೆದ ಮೇಲೆ ಅವನೂ ಕುರ್ಚಿಯನ್ನು ಗಾಜಿನ ಹತ್ತಿರ ಎಳೆದುಕೊಂಡು, "ಮೂವತ್ತೊಂದರಿಂದ ಕೆಳಗೆ ಹೋಗಿಲ್ಲ ಆಯಮ್ಮ," ಎಂದು ಗೊಣಗಿದ. ಗೊಣಗಿದ್ದು ಅವನಿಗೇ ಗೊತ್ತಾಗಿರಲಿಕ್ಕಿಲ್ಲ.

ಮೂವತ್ತೆಂಟನೆಯ ಕೋಣೆಯಲ್ಲಿ ಅವಳು ಗೋಡೆ ಗಡಿಯಾರ ನೋಡಿ ಹೌಹಾರಿದಳು. "ಅಯ್ಯೋ, ಮಗಳನ್ನ ಸ್ಕೂಲಿಂದ ಕರ್ಕೊಂಡು ಬರಬೇಕು!" ಚಪ್ಪಲಿ ಮೆಟ್ಟಿ, ಹಾಳೆಗಳನ್ನು ನಾಲ್ಕು ಮಡಿಕೆ ಮಡಚಿ ರವಿಕೆಯೊಳಗೆ ಸೇರಿಸಿ ಹೊರಗೆ ಬಂದಳು. ಬಾಗಿಲಲ್ಲಿ ಮೂವರೂ ನಿಂತಿದ್ದರು. "ಯಾವಾಗ ಹೊರಗೆ ಬರುತ್ತೆ ಇದು? ಮೂವತ್ತೆಂಟರ ಬಲಗಡೆ ಬಾಗಿಲು ತೆಗೀಲೇ ಇಲ್ಲ ನಾನು." ಪೆನ್ಸಿಲನ್ನು ಸ್ಕೇಲಮ್ಮನ ಕೈಗಿಟ್ಟಳು. "ತಗೊಳ್ಳಿ ಅಮ್ಮ. ತುದಿ ಸ್ವಲ್ಪ ಕಚ್ಚಿದ್ದೀನಿ."

"ಮ್ಯಾಡಂ, ಆ ಹಾಳೆ ವಾಪಸ್ ಕೊಡಬೇಕು," ಎಂದ ಮ್ಯಾನೇಜರ್. "ಕಾಗದ ಹೊರಗೆ ಹೋಗೋ ಹಾಗಿಲ್ಲ."

"ನಾನು ಬರೆದದ್ದು ರೀ ಇದು. ಎರಡು ಗಂಟೆ ಕೂತು." ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಳು. ಕೇಳಿ ನೋಡಿ ಎನ್ನುವಂತಿತ್ತು ಆ ನಿಲುವು.

ಮ್ಯಾನೇಜರ್ ಗುಬ್ಬಿಯ ಕಡೆ ತಿರುಗಿದ. "ಹೇಳಿ ಅವರಿಗೆ. ಅದರ ಹಿಂದೆ ನಿಮ್ಮ ಸಹಿ ಇದೆ."

"ಇದೆ," ಎಂದಳು ಗುಬ್ಬಿ. "ಹೋಗಲಿ ಬಿಡಿ. ಆ ಹಾಳೆ ಅವರದು."

ನರ್ಸು ಮೆಟ್ಟಿಲಿಳಿದು ಹೋದಳು. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡ. "ಒಬ್ಬರು ಆಡಿದ್ರೆ ಐದು ಜನ ಎದ್ದುಹೋದದ್ದು ಸುಳ್ಳಾಗಲ್ಲ, ಮ್ಯಾಡಂ. ಐದು ಗಂಟೆಗೆ ನಾನು ಏನು ಹೇಳಲಿ?"

"ಅರ್ಧ ಆಟ ಕೊಟ್ಟಿದ್ವಿ, ಐದು ಜನ ಎದ್ದುಹೋದ್ರು ಅನ್ನಿ. ಪೂರ್ತಿ ಕೊಟ್ವಿ, ಒಬ್ಬಳು ಏಳಲಿಲ್ಲ ಅನ್ನಿ. ಬಾಣ ಹಾಕೋಕೆ, ದೀಪ ಆರದ ಹಾಗೆ ಮಾಡೋಕೆ ಮುದುಕಿ ಸಹಿ ಹಾಕಲ್ಲ, ಅದನ್ನೂ ಹೇಳಿ." ಸ್ಕೇಲಮ್ಮ ಕೂದಲನ್ನು ಒಟ್ಟುಮಾಡಿ ತುರುಬು ಕಟ್ಟುತ್ತಿದ್ದರು.

"ಹೊರಡಿಸಲ್ಲ ಅಂದ್ರೆ?"

"ಹೊರಡಿಸಬೇಡಿ. ಮನೇಲಿ ಸೂಜಿ ದಾರ ಇದೆ, ಪುಸ್ತಕ ಹೊಲೀತೀನಿ. ಒಬ್ಬೊಬ್ಬರಿಗೇ ಆಡಿಸ್ತೀನಿ."

ಹೇಳಿದ್ದು ಹುಸಿ ಧೈರ್ಯವೇನಲ್ಲ. ಗುಬ್ಬಿಗೆ ಅತ್ತೆ ಗೊತ್ತು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. "ಸೂಜಿಗೆ ದಾರ ಪೋಣಿಸೋಕೆ ನಿಮಗೆ ಕಣ್ಣು ಕಾಣುತ್ತಾ ಅತ್ತೆ?" ಎಂದಳು.

"ನೀನು ಪೋಣಿಸು. ಆಮೇಲೆ ಕೂತು ನಿಂದೇ ಒಂದು ನಕಾಶೆ ಬರಿ. ಅಪ್ಪನದು ನೋಡಿದ್ದು ಸಾಕು."

ಮ್ಯಾನೇಜರ್ ಖಾಲಿ ಮೇಜನ್ನೊಮ್ಮೆ ನೋಡಿ ಟ್ಯಾಬ್ ಎತ್ತಿಕೊಂಡು ಹೊರಟ. ಸ್ಕೇಲಮ್ಮ ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಲು ಹೋಗಿ, ತುದಿಯಲ್ಲಿ ಮೂಡಿದ್ದ ಹಲ್ಲಿನ ಗುರುತನ್ನು ಹೆಬ್ಬೆರಳಿನಿಂದ ಸವರಿದರು.

"ಅತ್ತೆ, ಇಲ್ಲಿ ಬನ್ನಿ," ಎಂದಳು ಗುಬ್ಬಿ ಕಿಟಕಿಯ ಬಳಿಯಿಂದ.

ಕೆಳಗೆ, ರಸ್ತೆಯಾಚೆಯ ಬಸ್ ನಿಲ್ದಾಣದಲ್ಲಿ ನರ್ಸು ನಿಂತಿದ್ದಳು. ಹಾಳೆ ಬಿಚ್ಚಿ ಕಂಬಕ್ಕೆ ಒತ್ತಿ ಹಿಡಿದು, ಒಮ್ಮೆ ನೆಟ್ಟಗೆ, ಒಮ್ಮೆ ಅಡ್ಡಡ್ಡ ತಿರುಗಿಸಿ ನೋಡುತ್ತಿದ್ದಳು. ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ಏನೋ ಕೂಗಿದ. ಅವಳು ತಲೆಯೆತ್ತದೆ ಎಡಗೈ ಮೇಲೆತ್ತಿದಳು. ಬಸ್ಸು ಹೋಯಿತು.